ಅರ್ನ್ಸ್ಟ್ ಅಬೆ

ಜರ್ಮನಿಯ ಐಸೆನಾಖ್ ಪಟ್ಟಣದ ನೂಲಿನ ಗಿರಣಿಯೊಂದಕ್ಕೆ ಬಾಲಕನೊಬ್ಬನು ತಂದೆಗಾಗಿ ಮಧ್ಯಾಹ್ನದ ಬುತ್ತಿಯನ್ನು ಒಯ್ಯುತ್ತಿದ್ದನು. ತಂದೆಗೆ ಕುಳಿತು ಉಣ್ಣುವಷ್ಟು ಬಿಡುವಿರಲಿಲ್ಲ. ಯಂತ್ರಕ್ಕೆ ಒರಗಿ ನಿಂತೇ ಅವಸರದಿಂದ ಉಂಡು, ಬರಿದಾದ ಪಾತ್ರೆಯನ್ನು ಮಗನ ಕೈಗಿತ್ತು, ಮರುಕ್ಷಣವೇ ಕೆಲಸಕ್ಕೆ ತೊಡಗುತ್ತಿದ್ದನು. ದಿನಕ್ಕೆ 14ರಿಂದ 16 ಗಂಟೆಗಳ ದುಡಿಮೆ ಅದು. ಎತ್ತರದ, ಗಟ್ಟಿಮುಟ್ಟಾದ ಆ ಮನುಷ್ಯನು ಐವತ್ತು ತುಂಬುವ ಮೊದಲೇ ಮುದುಕನಂತೆ ಕಾಣತೊಡಗಿದನು. ಆ ನೋಟವು ಮಗನ ಮನಸ್ಸಿನಿಂದ ಎಂದಿಗೂ ಮಾಸಲಿಲ್ಲ. 1840ರ ಜನವರಿ 23ರಂದು ಜನಿಸಿದ ಆ ಮಗನೇ ಅರ್ನ್ಸ್ಟ್ ಅಬೆ.

ಗಿರಣಿಯ ಒಡೆಯನ ನೆರವಿನಿಂದ ಓದಿದ ಅಬೆ 1861ರಲ್ಲಿ ಗಾಟಿಂಗೆನ್ನಿನಲ್ಲಿ ಡಾಕ್ಟರೇಟ್ ಪಡೆದು, 1863ರಲ್ಲಿ ಯೇನಾ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾದನು. ಅದೇ ಊರಿನಲ್ಲಿ ಕಾರ್ಲ್ ಝೈಸ್ ಎಂಬ ಕುಶಲಕರ್ಮಿಯು ಸೂಕ್ಷ್ಮದರ್ಶಕಗಳನ್ನು ತಯಾರಿಸುತ್ತಿದ್ದನು. ಆಗಿನ ಪದ್ಧತಿ ವಿಚಿತ್ರವಾದುದು. ಕೆಲಸಗಾರರು ಮಸೂರಗಳನ್ನು ಉಜ್ಜಿ, ಜೋಡಿಸಿ, ನೋಡಿ, ಸರಿಬಾರದಿದ್ದರೆ ಒಂದನ್ನು ತೆಗೆದು ಇನ್ನೊಂದನ್ನು ಕೂಡಿಸುತ್ತಿದ್ದರು. ಚಿತ್ರ ಸ್ಪಷ್ಟವಾದರೆ ಅದೃಷ್ಟ, ಇಲ್ಲವಾದರೆ ಮತ್ತೆ ಉಜ್ಜುವುದು. ಮಸೂರವನ್ನು ಮೊದಲೇ ಲೆಕ್ಕಹಾಕಿ ರಚಿಸಬೇಕೆಂಬುದು ಝೈಸನ ಹಂಬಲ. 1866ರಲ್ಲಿ ಅವನು ಅಬೆಯ ನೆರವನ್ನು ಕೋರಿದನು.

ಅಬೆ ಲೆಕ್ಕ ಹಾಕಿದನು. ಅಂಚಿನ ಕಿರಣಗಳಿಂದ ಚಿತ್ರ ಕೆಡುವುದೆಂದು ತಿಳಿದು, ಮಸೂರವನ್ನು ಹೊಗುವ ಬೆಳಕಿನ ಶಂಕುವನ್ನು ಕಿರಿದುಗೊಳಿಸಿದನು. ಮಸೂರಗಳು ಲೆಕ್ಕದಂತೆಯೇ ಸಿದ್ಧವಾದವು. ಆದರೆ ಹಳೆಯ ಮಸೂರಗಳಲ್ಲಿ ಕಾಣುತ್ತಿದ್ದ ನವುರಾದ ಗೆರೆಗಳು ಇವುಗಳಲ್ಲಿ ಮಾಯವಾಗಿದ್ದವು! ಝೈಸನ ಹಣ ವ್ಯಯವಾಗಿತ್ತು, ಪಂಡಿತನ ಮಾನವೂ ಪಣಕ್ಕೊಡ್ಡಿತ್ತು. ಅಬೆ ಆ ಸೋಲನ್ನು ಮುಚ್ಚಿಡದೆ ಅದರ ಕಾರಣವನ್ನೇ ಹುಡುಕಿದನು. ಸೂಕ್ಷ್ಮ ರಚನೆಯ ಮೂಲಕ ಹಾಯುವ ಬೆಳಕು ವಿವರ್ತನೆಗೊಂಡು ಬದಿಗಳಿಗೆ ಹರಡುತ್ತದೆ. ಹಾಗೆ ಹರಡಿದ ಕಿರಣಗಳೂ ಮಸೂರವನ್ನು ಸೇರಿದರೆ ಮಾತ್ರ ಆ ರಚನೆ ಚಿತ್ರದಲ್ಲಿ ಮೂಡುತ್ತದೆ. ಆದ್ದರಿಂದ ದ್ವಾರವು ವಿಶಾಲವಾಗಿಯೇ ಇರಬೇಕು, ಕಿರಣಗಳ ದೋಷವನ್ನು ಮಸೂರದ ರಚನೆಯಿಂದಲೇ ನೀಗಬೇಕು. ಇರುವೆಯನ್ನೋ ಹೂವಿನ ಕೇಸರವನ್ನೋ ಅತಿ ಸಮೀಪದಿಂದ ಛಾಯಾಚಿತ್ರ ತೆಗೆಯುವವರಿಗೆ ಇದು ಅನುಭವದ ಮಾತು: ಎಲ್ಲವೂ ಸ್ಪಷ್ಟವಾಗಲೆಂದು ಕ್ಯಾಮೆರಾದ ದ್ವಾರವನ್ನು ತೀರ ಕಿರಿದಾಗಿಸಿದರೆ ಇಡೀ ಚಿತ್ರವೇ ಮಸುಕಾಗುತ್ತದೆ.

1872ರ ವೇಳೆಗೆ ಝೈಸನ ಸೂಕ್ಷ್ಮದರ್ಶಕದ ಮಸೂರಗಳೆಲ್ಲ ಲೆಕ್ಕದಿಂದಲೇ ತಯಾರಾಗತೊಡಗಿದವು. ಮರುವರ್ಷ ಅಬೆ ತನ್ನ ಸಿದ್ಧಾಂತವನ್ನು ಪ್ರಕಟಿಸಿದನು. ಬೆಳಕಿನ ತರಂಗಾಂತರದ ಸುಮಾರು ಅರ್ಧಕ್ಕಿಂತ, ಎಂದರೆ ಮಿಲಿಮೀಟರಿನ ಐದು ಸಾವಿರದಲ್ಲೊಂದು ಪಾಲಿಗಿಂತ, ಹತ್ತಿರವಿರುವ ಎರಡು ಬಿಂದುಗಳನ್ನು ಸಾಮಾನ್ಯ ಸೂಕ್ಷ್ಮದರ್ಶಕವು ಬೇರ್ಪಡಿಸಿ ತೋರಲಾರದೆಂಬುದು ಅದರಿಂದ ಸ್ಪಷ್ಟವಾಯಿತು.

ಇನ್ನುಳಿದುದು ಬಣ್ಣದ ಕಾಟ. ಆಗ ದೊರೆಯುತ್ತಿದ್ದ ಗಾಜುಗಳಿಂದ ಅಂಚಿನ ಬಣ್ಣಗಳನ್ನು ಪೂರ್ತಿ ಅಳಿಸಲಾಗುತ್ತಿರಲಿಲ್ಲ. 1879ರಲ್ಲಿ ಆಟೋ ಶಾಟ್ ಎಂಬ ತರುಣ ರಸಾಯನಶಾಸ್ತ್ರಜ್ಞನು ತಾನು ಕರಗಿಸಿದ ಹೊಸ ಗಾಜಿನ ವಿಷಯ ತಿಳಿಸಿ ಅಬೆಗೆ ಪತ್ರ ಬರೆದನು. 1884ರಲ್ಲಿ ಯೇನಾದಲ್ಲಿ ಗಾಜಿನ ಪ್ರಯೋಗಶಾಲೆ ಆರಂಭವಾಯಿತು. ಹೊಸ ಗಾಜಿನೊಡನೆ ಫ್ಲೋರೈಟ್ ಎಂಬ ಖನಿಜವನ್ನೂ ಬಳಸಿ, ಮೂರು ಬಣ್ಣಗಳನ್ನು ಒಂದೇ ನೆಲೆಯಲ್ಲಿ ಕೂಡಿಸುವ ಅಪೋಕ್ರೊಮ್ಯಾಟ್ ಮಸೂರವನ್ನು 1886ರಲ್ಲಿ ಹೊರತಂದರು. ಅಬೆಯ ಸಹಾಯಕನಾಗಿದ್ದ ಪಾಲ್ ರುಡಾಲ್ಫ್ ಇವೇ ಗಾಜುಗಳಿಂದ 1890ರಲ್ಲಿ ಛಾಯಾಗ್ರಹಣದ ಮಸೂರವನ್ನು ರಚಿಸಿದನು. ಅವನ 1896ರ ಪ್ಲಾನಾರ್ ಮಸೂರದಲ್ಲಿ ನಡುವಿನ ದ್ವಾರದ ಎರಡೂ ಬದಿಗೆ ಗಾಜುಗಳು ಕನ್ನಡಿಯ ಬಿಂಬದಂತೆ ಜೋಡಣೆಗೊಂಡಿದ್ದವು. ವಸ್ತುವೂ ಚಿತ್ರವೂ ಒಂದೇ ಗಾತ್ರದಲ್ಲಿರುವಾಗ ಇಂತಹ ಜೋಡಣೆಯಲ್ಲಿ ಒಂದು ಬದಿಯ ಹಲವು ದೋಷಗಳನ್ನು ಇನ್ನೊಂದು ಬದಿ ಅಳಿಸಿಬಿಡುತ್ತದೆ.

1876ರಿಂದ ಪಾಲುದಾರನಾಗಿದ್ದ ಅಬೆ ಈಗ ಸಿರಿವಂತನಾಗಿದ್ದನು. 1888ರಲ್ಲಿ ಝೈಸ್ ತೀರಿಕೊಂಡನು. ಮರುವರ್ಷ ಅಬೆ ನಿಧಿಯೊಂದನ್ನು ಸ್ಥಾಪಿಸಿ, 1891ರಲ್ಲಿ ಕಾರ್ಖಾನೆಯಲ್ಲಿನ ತನ್ನ ಒಡೆತನವನ್ನು ಅದಕ್ಕೆ ಒಪ್ಪಿಸಿದನು. ಕೆಲಸಗಾರರಿಗೆ ಸಂಬಳಸಹಿತ ರಜೆಯೂ ನಿವೃತ್ತಿವೇತನವೂ ದೊರೆತವು. 1900ರಲ್ಲಿ ದಿನದ ದುಡಿಮೆ ಎಂಟು ಗಂಟೆಗೆ ಇಳಿಯಿತು. ತಂದೆಯ ದುಡಿಮೆಯ ಸರಿಸುಮಾರು ಅರ್ಧ!

1905ರ ಜನವರಿ 14ರಂದು ಅಬೆ ಯೇನಾದಲ್ಲಿ ನಿಧನನಾದನು. ಅವನ ಸೂತ್ರವನ್ನು ಆ ಊರಿನ ಸ್ಮಾರಕಶಿಲೆಯೊಂದರಲ್ಲಿ ಕೆತ್ತಿದ್ದಾರೆ. ನಿಧಿಗೆ ಮಾತ್ರ ಅವನು ಇಟ್ಟುದು ತನ್ನ ಹೆಸರನ್ನಲ್ಲ, ಕಾರ್ಲ್ ಝೈಸನ ಹೆಸರನ್ನು.