ನಿರಾಶ್ರಿತರಿಗೆ ನೆಲ ತೋರಿದ ನಿಜಲಿಂಗಪ್ಪ

ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿ ಹೆದ್ದಾರಿಯಲ್ಲಿ ಉತ್ತರಕ್ಕೆ ಸಾಗಿದರೆ ರಾಣೆಬೆನ್ನೂರು, ಬ್ಯಾಡಗಿಗೆ ತಿರುಗುವ ಮೋಟೆಬೆನ್ನೂರು, ಹಾವೇರಿ ಒಂದರ ಹಿಂದೊಂದು ಬರುತ್ತವೆ. ಹಾವೇರಿಯಿಂದ ಪಶ್ಚಿಮಕ್ಕೆ ಹೊರಳಿ ಹಾನಗಲ್ಲನ್ನು ಹಾದುಹೋದರೆ ಉತ್ತರ ಕನ್ನಡದ ಮುಂಡಗೋಡ. ಈ ದಾರಿಯ ಜನರಿಗೆ ಕಡುಗೆಂಪು ವಸ್ತ್ರದ ಟಿಬೆಟನ್ ಭಿಕ್ಷುಗಳು ಬ್ಯಾಡಗಿ ಮೆಣಸಿನಕಾಯಿಯ ಘಾಟಿನಷ್ಟೇ ಪರಿಚಿತರು. ಯಾರೂ ತಿರುಗಿ ನೋಡುವುದಿಲ್ಲ. ಹಿಮಾಲಯದಾಚೆಯ ಒಂದು ಜನಸಮುದಾಯ ಮಲೆನಾಡಿನ ಸೆರಗಿನಲ್ಲಿ ನೆಲೆಗೊಂಡು ಆರು ದಶಕಗಳಾದವು. ಅದಕ್ಕೆ ಕಾರಣರಾದವರಲ್ಲಿ ಮುಖ್ಯರಾದ ಎಸ್. ನಿಜಲಿಂಗಪ್ಪನವರು ಇದೇ ತುಂಗಭದ್ರೆಯ ಇನ್ನೊಂದು ದಂಡೆಯಲ್ಲಿ ಹುಟ್ಟಿದವರು. ಏಕೀಕರಣದ ನಾಯಕರೆಂದು, ಕಾಂಗ್ರೆಸ್ ಇಬ್ಭಾಗವಾದಾಗಿನ ಅಧ್ಯಕ್ಷರೆಂದು ಅವರನ್ನು ನಾಡು ನೆನೆಯುತ್ತದೆ. ನಿರಾಶ್ರಿತರ ವಿಷಯದಲ್ಲಿ ಅವರು ನಡೆದುಕೊಂಡ ರೀತಿ ಮಾತ್ರ ಕನ್ನಡಿಗರಿಗಿಂತ ಟಿಬೆಟನ್ನರಿಗೇ ಹೆಚ್ಚು ನೆನಪಿರುವಂತಿದೆ.

1902ರ ಡಿಸೆಂಬರ್ 10ರಂದು ಅವರು ಜನಿಸಿದ ಹಲುವಾಗಲು ಹರಪನಹಳ್ಳಿ ಸೀಮೆಯ ಒಂದು ಹಳ್ಳಿ. ಅಂದು ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಹೊಳೆ ದಾಟಿದರೆ ರಾಣೆಬೆನ್ನೂರು ತಾಲ್ಲೂಕು, ಅಂದರೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ದಕ್ಷಿಣಕ್ಕೆ ಇಳಿದರೆ ಹರಿಹರ, ದಾವಣಗೆರೆ. ಅದು ಮೈಸೂರು ಮಹಾರಾಜರ ರಾಜ್ಯ. ಒಂದೇ ಭಾಷೆ ಆಡುವ, ಒಂದೇ ಸಂತೆಗೆ ಹೋಗುವ, ಪರಸ್ಪರ ಹೆಣ್ಣು ಕೊಟ್ಟು ತರುವ ಜನ ಮೂರು ಆಡಳಿತಗಳ ಅಂಚಿನಲ್ಲಿ ಬದುಕುತ್ತಿದ್ದರು. ಅವರಾರೂ ನಿರಾಶ್ರಿತರಲ್ಲ, ನಿಜ. ಆದರೆ ತಮ್ಮ ನೆಲದಲ್ಲಿಯೇ ಪರರ ಅಂಚಿನವರಾಗಿ ಉಳಿಯುವುದೆಂದರೇನು ಎಂಬುದು ಹಾವೇರಿ, ಬ್ಯಾಡಗಿಗಳ ಹಿಂದಿನ ತಲೆಮಾರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಕಚೇರಿಗಳ ಕನ್ನಡದಲ್ಲಿ ಮರಾಠಿಯ ಮೊಹರು ಬಹುಕಾಲ ಉಳಿದೇ ಇತ್ತು.

ತಂದೆಯನ್ನು ಎಳವೆಯಲ್ಲಿಯೇ ಕಳೆದುಕೊಂಡ ಬಾಲಕ ದಾವಣಗೆರೆ, ಚಿತ್ರದುರ್ಗಗಳಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಪುಣೆಯಲ್ಲಿ ಕಾನೂನು ಕಲಿತರು. ಚಿತ್ರದುರ್ಗದಲ್ಲಿ ವಕೀಲಿ ಆರಂಭಿಸಿದರು. ನಾ.ಸು. ಹರ್ಡೀಕರರ ಪ್ರಭಾವದಿಂದ ಕಾಂಗ್ರೆಸ್ಸಿಗೆ ಬಂದರು. 1939ರ ತುರುವನೂರು ಅರಣ್ಯ ಸತ್ಯಾಗ್ರಹದಿಂದ ಜೈಲಿಗೂ ಹೋದರು. ಸಂವಿಧಾನ ಸಭೆಯಲ್ಲಿ ಅವರಿಗೆ ದೊರೆತ ಸ್ಥಾನ ಮುಂಬಯಿ ಪ್ರಾಂತ್ಯದ ಪಾಲಿನದು. ಮದ್ರಾಸ್ ಪ್ರಾಂತ್ಯದಲ್ಲಿ ಹುಟ್ಟಿ, ಮೈಸೂರು ಸಂಸ್ಥಾನದಲ್ಲಿ ವಕೀಲರಾಗಿ, ಮುಂಬಯಿಯ ಪ್ರತಿನಿಧಿಯಾಗಿ ಸಂವಿಧಾನ ಸಭೆಯಲ್ಲಿ ಕುಳಿತವರು ಕನ್ನಡ ನಾಡಿನ ಚೂರುಗಳನ್ನು ಒಂದುಗೂಡಿಸುವ ಕೆಲಸಕ್ಕೆ ನಿಂತದ್ದು ಆಶ್ಚರ್ಯವಲ್ಲ.

ಸಂವಿಧಾನ ಸಭೆ ನಡೆಯುತ್ತಿದ್ದ ಆ ವರ್ಷಗಳ ದೆಹಲಿ ನಿರಾಶ್ರಿತರ ನಗರವಾಗಿತ್ತು. ದೇಶವಿಭಜನೆಯಿಂದ ಮನೆಮಾರು ಕಳೆದುಕೊಂಡು ಬಂದವರು ಪುರಾನಾ ಕಿಲಾ, ಹುಮಾಯೂನನ ಗೋರಿಯ ಆವರಣ, ಕಿಂಗ್ಸ್‌ವೇ ಶಿಬಿರಗಳಲ್ಲಿ ತುಂಬಿದ್ದರು. ದಕ್ಷಿಣದ ರಾಜಕಾರಣಿಗಳಿಗೆ ವಿಭಜನೆ ಬಹುಮಟ್ಟಿಗೆ ಪತ್ರಿಕೆಯಲ್ಲಿ ಓದಿದ ಸುದ್ದಿ. ದೆಹಲಿಯಲ್ಲಿ ಕುಳಿತು ಸಂವಿಧಾನ ಬರೆದವರಿಗೆ ಅದು ಕಣ್ಣೆದುರಿನ ನೋಟ.

1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆಯೊಡನೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳೂ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದವು. ಹರಪನಹಳ್ಳಿ ಬಳ್ಳಾರಿಯೊಡನೆ 1953ರಲ್ಲಿಯೇ ಬಂದಿತ್ತು. ಹೊಸ ರಾಜ್ಯದ ಮೊದಲ ಮುಖ್ಯಮಂತ್ರಿಯಾದವರು ನಿಜಲಿಂಗಪ್ಪ. ಅದೇ ತಿಂಗಳಲ್ಲಿ, ಬುದ್ಧನ 2500ನೆಯ ಜಯಂತಿಯ ಸಂದರ್ಭದಲ್ಲಿ ಇಪ್ಪತ್ತೊಂದರ ತರುಣ ದಲೈಲಾಮಾ ಭಾರತಕ್ಕೆ ಬಂದರು. ದಕ್ಷಿಣದ ಪ್ರವಾಸದಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯನ್ನು ಭೇಟಿಯಾದರು. ಆಗ ಅವರು ನಿರಾಶ್ರಿತರಲ್ಲ, ಅತಿಥಿ. ಆ ಪರಿಚಯವನ್ನು ದಲೈಲಾಮಾ ಮುಂದೆ ಅನೇಕ ಬಾರಿ ಕೃತಜ್ಞತೆಯಿಂದ ಸ್ಮರಿಸಿದ್ದಾರೆ.

1959ರ ಮಾರ್ಚ್ 31ರಂದು ಅದೇ ದಲೈಲಾಮಾ ಗಡಿ ದಾಟಿ ಭಾರತದಲ್ಲಿ ಆಶ್ರಯ ಪಡೆದರು. ಅವರ ಹಿಂದೆ ಸುಮಾರು 80 ಸಾವಿರ ಟಿಬೆಟನ್ನರು ಬಂದರು. ಅಸ್ಸಾಮಿನ ಮಿಸಾಮಾರಿ, ಬಂಗಾಳದ ಬಕ್ಸಾ ಶಿಬಿರಗಳ ಸೆಕೆ, ಹೊಸ ನೀರು, ಕಾಯಿಲೆಗಳಿಗೆ ಎತ್ತರದ ಹವೆಯ ಜನ ತತ್ತರಿಸಿದರು. ದುಡಿಯಬಲ್ಲವರನ್ನು ಹಿಮಾಲಯದ ರಸ್ತೆ ಕೆಲಸಕ್ಕೆ ಹಚ್ಚಲಾಯಿತು. ಹೆಂಗಸರು, ಮಕ್ಕಳು, ನಿನ್ನೆಯವರೆಗೆ ಮಠದಲ್ಲಿ ಶಾಸ್ತ್ರ ಓದುತ್ತಿದ್ದ ಭಿಕ್ಷುಗಳು ರಸ್ತೆ ಬದಿಯ ಡೇರೆಗಳಲ್ಲಿ ವಾಸಿಸಿ ಕಲ್ಲು ಒಡೆದರು. ಹೀಗೆಯೇ ಬಿಟ್ಟರೆ ಈ ಜನ ಚೆದುರಿ ಹೋಗುತ್ತಾರೆಂಬುದು ಸ್ಪಷ್ಟವಾದಾಗ ಪ್ರಧಾನಿ ನೆಹರೂ ರಾಜ್ಯಗಳಿಗೆ ಪತ್ರ ಬರೆದು ಜಮೀನು ಕೇಳಿದರು. ಉದಾರವಾಗಿ ಉತ್ತರಿಸಿದ್ದು ಮೈಸೂರು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ ಸುಮಾರು 3 ಸಾವಿರ ಎಕರೆ ಅರಣ್ಯಭೂಮಿ ಅವರಿಗೆ ದೊರೆಯಿತು. 1960ರ ಕೊನೆಯಿಂದ ಮೊದಲ ತಂಡಗಳು ಬಂದಿಳಿದವು.

ಇಲ್ಲೊಂದು ಮಾತನ್ನು ಹೇಳಲೇಬೇಕು. ಬೈಲಕುಪ್ಪೆಯ ನೆಲ ಮಂಜೂರಾದಾಗ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. ಪಕ್ಷದೊಳಗಿನ ಭಿನ್ನಮತದಿಂದಾಗಿ 1958ರ ಮೇ ತಿಂಗಳಲ್ಲಿಯೇ ನಿಜಲಿಂಗಪ್ಪನವರು ಅಧಿಕಾರ ಬಿಟ್ಟಿದ್ದರು. ಇಡೀ ಶ್ರೇಯಸ್ಸನ್ನು ಅವರೊಬ್ಬರ ಹೆಸರಿಗೆ ಬರೆಯುವ ರೂಢಿ ಇದನ್ನು ಮರೆಸುತ್ತದೆ. ಜತ್ತಿಯವರಿಗೆ ಸಲ್ಲಬೇಕಾದದ್ದು ಜತ್ತಿಯವರಿಗೆ ಸಲ್ಲಲಿ. ನಿಜಲಿಂಗಪ್ಪನವರ ಪಾತ್ರ ಬೇರೆಯದು, ಒಂದು ಅರ್ಥದಲ್ಲಿ ಹೆಚ್ಚು ಕಠಿಣವಾದದ್ದು. ಮೊದಲ ಸಲ ಆಶ್ರಯ ಕೊಡುವಾಗ ಅನುಕಂಪದ ಅಲೆಯಿರುತ್ತದೆ. ಐದಾರು ವರ್ಷಗಳ ನಂತರ ಎರಡನೆಯ ಸಲ ಕೊಡುವಾಗ ಅದು ಇರುವುದಿಲ್ಲ.

ಅವರು ಮತ್ತೆ ಅಧಿಕಾರಕ್ಕೆ ಬಂದ ಬಗೆಯೇ ವಿಚಿತ್ರ. 1962ರ ಚುನಾವಣೆಯಲ್ಲಿ ಹೊಸದುರ್ಗದಲ್ಲಿ ಸೋತರು. ಎಸ್.ಆರ್. ಕಂಠಿಯವರು ಮೂರು ತಿಂಗಳು ಮುಖ್ಯಮಂತ್ರಿಯಾಗಿದ್ದು, ಬಾಗಲಕೋಟೆಯಿಂದ ಗೆದ್ದು ಬಂದ ನಿಜಲಿಂಗಪ್ಪನವರಿಗೆ ಸ್ಥಾನ ಬಿಟ್ಟುಕೊಟ್ಟರು. ಅಂಥ ನಿಸ್ಪೃಹತೆ ನಮ್ಮ ರಾಜಕಾರಣದಲ್ಲಿ ಮತ್ತೆ ಕಂಡದ್ದು ಅಪರೂಪ. ಈ ಎರಡನೆಯ ಅವಧಿಯಲ್ಲಿ ಚೀನಾದೊಡನೆ ಯುದ್ಧ, ಪಾಕಿಸ್ತಾನದೊಡನೆ ಯುದ್ಧ, ಬರ, ಆಹಾರದ ಅಭಾವ ಎಲ್ಲವೂ ಒಟ್ಟಿಗೆ ಬಂದವು. ತನ್ನ ಜನರಿಗೇ ಧಾನ್ಯ ಸಾಲದ ಕಾಲದಲ್ಲಿ, 1966ರಲ್ಲಿ, ಮೈಸೂರು ಸರ್ಕಾರ ಮುಂಡಗೋಡದ ಬಳಿ ಸುಮಾರು 4 ಸಾವಿರ ಎಕರೆಯನ್ನು ಟಿಬೆಟನ್ನರ ಎರಡನೆಯ ದೊಡ್ಡ ವಸತಿಗೆ ನೀಡಿತು. ಬಕ್ಸಾ ಶಿಬಿರದಲ್ಲಿ ಕ್ಷಯದಿಂದ ನರಳುತ್ತಿದ್ದ ಭಿಕ್ಷುಗಳು ಮುಂದೆ ಇಲ್ಲಿಗೆ ಬಂದು ಡ್ರೆಪುಂಗ್, ಗಾಂಡೆನ್ ಮಠಗಳನ್ನು ಮರುಸ್ಥಾಪಿಸಿದರು. ಸೆರಾ ಮಠ ಬೈಲಕುಪ್ಪೆಗೆ ಹೋಯಿತು. ಲ್ಹಾಸಾದ ಮೂರು ಮಹಾಮಠಗಳು ಮರುಹುಟ್ಟು ಪಡೆದದ್ದು ಕರ್ನಾಟಕದಲ್ಲಿ. ನಂತರದ ಮುಖ್ಯಮಂತ್ರಿಗಳ ಕಾಲದಲ್ಲಿ ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯಗಳೂ ಸೇರಿ ಐದು ವಸತಿಗಳಾದವು.

ಜಾಗ ಕೊಟ್ಟದ್ದಕ್ಕಿಂತ ಕೊಟ್ಟ ಬಗೆ ಮುಖ್ಯ. ಪಡಿತರದ ಶಿಬಿರ ತೆರೆದು ತಟ್ಟೆ ಹಿಡಿದು ಸಾಲು ನಿಲ್ಲಿಸಲಿಲ್ಲ. ಇಡೀ ಸಮುದಾಯವನ್ನು ಒಡೆಯದೆ ಒಂದೆಡೆ ಇರಿಸಿ, ಉಳಲು ನೆಲ, ಸಹಕಾರ ಸಂಘ, ಆಸ್ಪತ್ರೆ, ತಮ್ಮ ಭಾಷೆ ಕಲಿಸುವ ಶಾಲೆ ಇವೆಲ್ಲ ಇರುವ ಊರು ಕಟ್ಟಿಕೊಳ್ಳಲು ಬಿಟ್ಟರು. ಈ ಪುನರ್ವಸತಿಗೆಂದೇ 1968ರಲ್ಲಿ ಮೈರಾಡ ಸಂಸ್ಥೆ ಹುಟ್ಟಿತು. ಅದು ಬಳಿಕ ಕರ್ನಾಟಕದ ಬಡ ರೈತರ ಕೆಲಸಕ್ಕೂ ತೊಡಗಿತು. ಕಾಡು ಕಡಿದು, ಆನೆಗಳ ಕಾಟ ಸಹಿಸಿ, ಬಾರ್ಲಿಯ ಬದಲು ಮುಸುಕಿನಜೋಳ ಬೆಳೆಯಲು ಕಲಿತರು. ಹಾವೇರಿ, ರಾಣೆಬೆನ್ನೂರಿನ ರೈತರು ಗೋವಿನಜೋಳವೆಂದು ಕರೆಯುವ ಆ ಬೆಳೆಯೇ ಟಿಬೆಟನ್ನರ ಕೈ ಹಿಡಿಯಿತು. ಚಳಿಗಾಲದಲ್ಲಿ ಊರೂರು ತಿರುಗಿ ಉಣ್ಣೆಯ ಸ್ವೆಟರ್ ಮಾರುವುದು ಎರಡನೆಯ ಆಸರೆಯಾಯಿತು.

ಜಗತ್ತಿನ ಲೆಕ್ಕದಲ್ಲಿ ಇದು ತೀರ ಚಿಕ್ಕ ಸಂಖ್ಯೆ. ಟಿಬೆಟನ್ನರೇ 2009ರಲ್ಲಿ ನಡೆಸಿದ ಗಣತಿಯ ಪ್ರಕಾರ ತಾಯ್ನಾಡಿನ ಹೊರಗಿದ್ದವರು ಸುಮಾರು 1.28 ಲಕ್ಷ, ಅವರಲ್ಲಿ 94 ಸಾವಿರ ಮಂದಿ ಭಾರತದಲ್ಲಿದ್ದರು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಎಣಿಕೆಯಂತೆ 2024ರ ಅಂತ್ಯಕ್ಕೆ ಯುದ್ಧ, ಹಿಂಸೆ, ದಬ್ಬಾಳಿಕೆಗಳಿಂದ ನೆಲೆ ಕಳೆದುಕೊಂಡವರ ಸಂಖ್ಯೆ 12.32 ಕೋಟಿ. ಎಲ್ಲರೂ ಗಡಿ ದಾಟಿದವರೆಂದು ಭಾವಿಸಬಾರದು. ಅವರಲ್ಲಿ 7.35 ಕೋಟಿ ಜನ ತಮ್ಮ ದೇಶದೊಳಗೇ ಅಲೆಯುತ್ತಿದ್ದರು. ನಿರಾಶ್ರಿತರೆಂದು ಕರೆಸಿಕೊಂಡವರು 4.27 ಕೋಟಿ. ಸುಡಾನ್ ಒಂದರಲ್ಲಿಯೇ ಸ್ಥಳಾಂತರಗೊಂಡವರು 1.43 ಕೋಟಿ, ಸಿರಿಯಾದವರು 1.35 ಕೋಟಿ, ಅಫ್ಘಾನಿಸ್ತಾನದವರು ಕೋಟಿಯ ಮೇಲೆ. ನೆಲೆ ಕಳೆದುಕೊಂಡವರಲ್ಲಿ ಹತ್ತರಲ್ಲಿ ನಾಲ್ವರು ಮಕ್ಕಳು.

ಈ ಜನರೆಲ್ಲ ಯೂರೋಪು, ಅಮೆರಿಕಗಳ ಬಾಗಿಲು ತಟ್ಟುತ್ತಿದ್ದಾರೆಂಬ ಚಿತ್ರವನ್ನು ದೂರದರ್ಶನ ವಾಹಿನಿಗಳು ಬಹಳ ಕಾಲದಿಂದ ಮೂಡಿಸಿವೆ. ಅಂಕಿಗಳು ಬೇರೆಯೇ ಹೇಳುತ್ತವೆ. ಗಡಿ ದಾಟಿದವರಲ್ಲಿ ಮೂರನೆಯ ಎರಡು ಭಾಗ ನೆರೆಯ ದೇಶದಲ್ಲಿಯೇ ಉಳಿದಿದ್ದಾರೆ. ಶೇ 73ರಷ್ಟು ಮಂದಿಯ ಹೊರೆ ಬಡ ಹಾಗೂ ಮಧ್ಯಮ ಆದಾಯದ ದೇಶಗಳ ಮೇಲಿದೆ. 2024ರ ಕೊನೆಗೆ ಇರಾನಿನಲ್ಲಿ 35 ಲಕ್ಷ, ತುರ್ಕಿಯಲ್ಲಿ 29 ಲಕ್ಷ, ಬಡ ಉಗಾಂಡದಲ್ಲಿ 18 ಲಕ್ಷ ನಿರಾಶ್ರಿತರಿದ್ದರು. ನಿರಾಶ್ರಿತ ಕುಟುಂಬಕ್ಕೆ ಉಳಲು ತುಂಡು ಭೂಮಿ ಕೊಡುವ ಉಗಾಂಡದ ಪದ್ಧತಿಯನ್ನು ಇಂದು ಜಗತ್ತು ಮೆಚ್ಚುತ್ತದೆ. ಮೈಸೂರು ರಾಜ್ಯ ಆ ದಾರಿಯನ್ನು 1960ರಲ್ಲಿಯೇ ಹಿಡಿದಿತ್ತು. ಅದೂ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕದ, ನಿರಾಶ್ರಿತರಿಗೆಂದು ಪ್ರತ್ಯೇಕ ಕಾನೂನೇ ಇಲ್ಲದ ದೇಶದ ಒಂದು ರಾಜ್ಯವಾಗಿ.

ಕಾನೂನಿಲ್ಲದ ಔದಾರ್ಯಕ್ಕೆ ಮಿತಿಯೂ ಇದೆ. ಮುಂಡಗೋಡದ ನೆಲ ಗುತ್ತಿಗೆಯದು, ಒಡೆತನದ್ದಲ್ಲ. ನಿವಾಸಿಗಳು ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಇಲ್ಲಿ ಹುಟ್ಟಿದವರು ಜನ್ಮತಃ ಭಾರತೀಯರೆಂಬುದನ್ನೂ ನ್ಯಾಯಾಲಯಗಳೇ ಎತ್ತಿ ಹೇಳಬೇಕಾಯಿತು. ಓದಿದ ತರುಣರು ಕೆನಡಾ, ಅಮೆರಿಕದತ್ತ ಹೊರಟಿದ್ದಾರೆ. ಅಜ್ಜ ಕಡಿದು ಹಸನು ಮಾಡಿದ ಹೊಲವನ್ನು ಉಳುವ ಮೊಮ್ಮಕ್ಕಳು ವಿರಳರಾಗುತ್ತಿದ್ದಾರೆ. ಮಠಗಳು ಬೆಳೆದಿವೆ, ಆದರೆ ಅಲ್ಲಿ ಓದುವವರಲ್ಲಿ ಲಡಾಖ್, ಅರುಣಾಚಲ, ನೇಪಾಳದ ಹುಡುಗರೂ ಇದ್ದಾರೆ.

ನಿಜಲಿಂಗಪ್ಪನವರ ಆಡಳಿತದ ಇನ್ನೊಂದು ಮುಖವನ್ನು ಬಿಟ್ಟು ಈ ಕಥೆ ಹೇಳಿದರೆ ಅರ್ಧ ಹೇಳಿದಂತೆ. ಅವರ ಕಾಲ ಅಣೆಕಟ್ಟುಗಳ ಕಾಲ. ಶರಾವತಿಯ ಲಿಂಗನಮಕ್ಕಿ 1964ರಲ್ಲಿ ಮುಗಿಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಶಿಲಾನ್ಯಾಸ ಮಾಡಿದರು. ಯಾವ ಬಾಗಲಕೋಟೆಯ ಮತದಾರರು ನಿಜಲಿಂಗಪ್ಪನವರಿಗೆ ಎರಡನೆಯ ರಾಜಕೀಯ ಜನ್ಮ ಕೊಟ್ಟರೋ ಆ ಹಳೆಯ ಊರಿನ ಬಹುಭಾಗ ಮುಂದೆ ಕೃಷ್ಣೆಯ ಹಿನ್ನೀರಿಗೆ ಸಂದಿತು. ನಾಡಿಗೆ ಬೆಳಕು ಬಂತು, ಹೊಲಗಳಿಗೆ ನೀರು ಬಂತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಶರಾವತಿಯ ಸಂತ್ರಸ್ತರನ್ನು ಶಿವಮೊಗ್ಗದ ಕಾಡುಗಳಲ್ಲಿ ಇಳಿಸಿ ಕೈತೊಳೆದುಕೊಳ್ಳಲಾಯಿತು. ಆ ಕುಟುಂಬಗಳ ಮೂರನೆಯ ತಲೆಮಾರು ಆರು ದಶಕಗಳ ನಂತರವೂ ಹಕ್ಕುಪತ್ರಕ್ಕಾಗಿ ಹೋರಾಡುತ್ತಿದೆ. ಹೊರಗಿನಿಂದ ಬಂದವರಿಗೆ ದೊರೆತ ಯೋಜನೆ, ಉಸ್ತುವಾರಿ, ಸಂಸ್ಥೆಗಳು ಒಳಗಿನವರಿಗೆ ದೊರೆಯಲಿಲ್ಲ. ಇದನ್ನು ಟಿಬೆಟನ್ನರ ವಿರುದ್ಧ ವಾದವಾಗಿ ಬಳಸುವವರಿದ್ದಾರೆ. ಅದು ತಪ್ಪು. ಮುಂಡಗೋಡದಲ್ಲಿ ಸಾಧ್ಯವಾದದ್ದು ಸಾಗರ, ಹೊಸನಗರಗಳಲ್ಲಿ ಅಸಾಧ್ಯವಾಗಿರಲಿಲ್ಲ ಎಂಬುದೇ ಆ ಸರ್ಕಾರದ ಮೇಲಿನ ನಿಜವಾದ ಆಕ್ಷೇಪ. ಎರಡು ಕಡೆಯೂ ಸರ್ಕಾರ ಅದೇ, ಅರಣ್ಯ ಇಲಾಖೆ ಅದೇ.

1968ರಲ್ಲಿ ಅವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಬೆಂಗಳೂರು ಬಿಟ್ಟರು. ಮರುವರ್ಷ ನವೆಂಬರಿನಲ್ಲಿ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಿದರು. ಪಕ್ಷ ಒಡೆಯಿತು, ಜನ ಇಂದಿರಾ ಅವರ ಹಿಂದೆ ಹೋದರು. ಆ ಅಧ್ಯಾಯವನ್ನು ಬೇರೆಯವರು ಸಾಕಷ್ಟು ಬರೆದಿದ್ದಾರೆ. ನಂತರದ ಮೂರು ದಶಕಗಳ ಬಹುಭಾಗವನ್ನು ಚಿತ್ರದುರ್ಗದಲ್ಲಿ ಸರಳವಾಗಿ ಕಳೆದು, 2000ದ ಆಗಸ್ಟ್ 8ರಂದು ತೊಂಬತ್ತೇಳರ ವಯಸ್ಸಿನಲ್ಲಿ ನಿಧನರಾದರು. ಅವರ ಹುಟ್ಟೂರಿನ ತಾಲ್ಲೂಕು ಬಳಿಕವೂ ಜಿಲ್ಲೆಯಿಂದ ಜಿಲ್ಲೆಗೆ ಅಲೆಯಿತು. 1997ರಲ್ಲಿ ದಾವಣಗೆರೆಗೆ ಹೋದ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಮರಳಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಹೊಳೆಯಾಚೆ 1997ರಲ್ಲಿಯೇ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು.

ಚಿತ್ರದುರ್ಗದ ಹತ್ತಿರ ಸೀಬಾರದಲ್ಲಿ ಹೆದ್ದಾರಿಯ ಪಕ್ಕ ಅವರ ಸ್ಮಾರಕವಿದೆ. 2011ರಲ್ಲಿ ಅದನ್ನು ಉದ್ಘಾಟಿಸಲು ಬಂದವರು ದಲೈಲಾಮಾ. 2018ರ ಆಗಸ್ಟಿನಲ್ಲಿ ಟಿಬೆಟನ್ನರು ಬೆಂಗಳೂರಿನಲ್ಲಿ ಕರ್ನಾಟಕಕ್ಕೆ ಧನ್ಯವಾದ ಹೇಳಲೆಂದೇ ಒಂದು ಸಮಾರಂಭ ಏರ್ಪಡಿಸಿದಾಗಲೂ, ಅವರು ನೆಹರೂ ಅವರೊಡನೆ ನೆನೆದ ಹೆಸರು ನಿಜಲಿಂಗಪ್ಪನವರದೇ.