ಡ್ರಿಲ್ ಮೇಷ್ಟ್ರು ಏಷ್ಯಾ ಗೆದ್ದ ಕಥೆ

ಹೈಸ್ಕೂಲಿನಲ್ಲಿ ಫುಟ್‌ಬಾಲ್ ಆಡಿಸ್ತಿದ್ದ ಮೇಷ್ಟ್ರನ್ನ ಕಾಲೇಜು ಹುಡುಗಿಯರ ಟೀಮಿಗೆ ಕೋಚ್ ಮಾಡ್ತೀವಿ ಅನ್ನಿ. ಮಧುಗಿರಿಯಾಗಲಿ, ಶಿರಾ ಆಗಲಿ, ಕೊರಟಗೆರೆ, ಪಾವಗಡವಾಗಲಿ, ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಏಳೋ ಮಾತು ಒಂದೇ. ಬೆಳಗ್ಗೆ ಪ್ರೇಯರಿಗೆ ಸಾಲು ನಿಲ್ಲಿಸಿ ವಿಷಲ್ ಊದೋ ಡ್ರಿಲ್ ಮೇಷ್ಟ್ರಿಗೆ ಕಾಲೇಜು ಆಟದ ಮರ್ಮ ಏನು ಗೊತ್ತು ಅಂತ. ಹೀಗೆ ಮೂಗು ಮುರಿಯೋ ಮಹನೀಯರು ಸೈಯದ್ ಅಬ್ದುಲ್ ರಹೀಂ ಅವರ ಬದುಕನ್ನ ಒಮ್ಮೆ ಕೇಳಬೇಕು.

ರಹೀಂ ಹುಟ್ಟಿದ್ದು ಹೈದರಾಬಾದಿನಲ್ಲಿ, 1909ರ ಆಗಸ್ಟ್ 17ರಂದು. ಆಗ ನಿಜಾಮರ ಆಳ್ವಿಕೆ. ನಮ್ಮ ರಾಯಚೂರು, ಕಲಬುರಗಿ, ಬೀದರ್ ಕೂಡ ಅದೇ ಸಂಸ್ಥಾನಕ್ಕೆ ಸೇರಿದ್ದವು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು, ಅಲ್ಲೇ ಫುಟ್‌ಬಾಲ್ ಆಡಿದರು. ಆಮೇಲೆ ಸ್ಕೂಲ್ ಮೇಷ್ಟ್ರಾದರು. ಕಾಚಿಗುಡ ಮಿಡ್ಲ್ ಸ್ಕೂಲು, ದಾರುಲ್ ಉಲೂಮ್ ಹೈಸ್ಕೂಲು, ಚಾದರ್‌ಘಾಟ್ ಹೈಸ್ಕೂಲು ಹೀಗೆ ಊರೊಳಗೇ ಸ್ಕೂಲು ಬದಲಾಯಿತು. ಮಧ್ಯೆ ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಆಟೋಟದ ಜವಾಬ್ದಾರಿ ಹೊತ್ತರು. ಅಂದರೆ ನಮ್ಮ ಭಾಷೆಯಲ್ಲಿ ಡ್ರಿಲ್ ಮೇಷ್ಟ್ರೇ!

ಆದರೆ ಇವರು ಚೆಂಡು ಕೊಟ್ಟು, ಮರದಡಿ ಕುರ್ಚಿ ಹಾಕಿಕೊಂಡು ಕೂರೋ ಪೈಕಿ ಅಲ್ಲ. ಎಳೆಯರಿಗಾಗಿ ವಿಚಿತ್ರ ಪಂದ್ಯಗಳನ್ನ ಇಡ್ತಿದ್ದರು. ಒಂದರಲ್ಲಿ ಚೆಂಡನ್ನ ಕಾಲಲ್ಲೇ ಆಡಿಸಿಕೊಂಡು ಓಡೋ ಹಾಗಿಲ್ಲ, ಬಂದ ತಕ್ಷಣ ಜೊತೆಗಾರನಿಗೆ ಕೊಡಬೇಕು. ಇನ್ನೊಂದರಲ್ಲಿ ಒದೆಯೋದು ಬಾರದ ಕಾಲಿಂದಲೇ ಒದೆಯಬೇಕು. ಬಲಗಾಲಿನವನಿಗೆ ಎಡಗಾಲೇ ಗತಿ. ನೋಡೋರಿಗೆ ತಮಾಷೆ. ಹುಡುಗರಿಗೆ ಎರಡು ಕಾಲೂ ಬಂತು, ತಲೆಯೆತ್ತಿ ಆಡೋದೂ ಬಂತು. ಇದಕ್ಕೆ ದುಡ್ಡು ಬೇಕಾಗಿರಲಿಲ್ಲ, ಒಂದು ಬಯಲು, ಒಂದು ಚೆಂಡು ಸಾಕು. ಈ ಪಾಠಕ್ಕೆ ಹುಡುಗ ಹುಡುಗಿ ಅನ್ನೋ ಭೇದವೂ ಇಲ್ಲ. ರಹೀಂ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಆ ಬಯಲೇ ಸಿಗಲಿಲ್ಲ, ಅದು ಬೇರೆ ಮಾತು. ನಮ್ಮ ದೇಶದಲ್ಲಿ ಮಹಿಳಾ ಫುಟ್‌ಬಾಲ್ ಫೆಡರೇಷನ್ ಅಂತ ಒಂದು ಆದದ್ದೇ 1975ರಲ್ಲಿ, ಅವರು ಕಣ್ಣುಮುಚ್ಚಿ 12 ವರ್ಷದ ಮೇಲೆ.

ಸ್ಕೂಲು ಬಯಲಿನ ಇದೇ ವಿದ್ಯೆ ಹಿಡಿದು ರಹೀಂ ಹೈದರಾಬಾದ್ ಸಿಟಿ ಪೊಲೀಸ್ ಟೀಮಿಗೆ ಹೋದರು. 1950ರಿಂದ 54ರವರೆಗೆ ಸತತ ಐದು ವರ್ಷ ಮುಂಬೈಯ ರೋವರ್ಸ್ ಕಪ್ ಪೊಲೀಸರದ್ದೇ. ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳು ಬಾಯಿ ಬಿಟ್ಟುಕೊಂಡು ನೋಡಿದವು. ಅಷ್ಟರಲ್ಲಿ ದೇಶದ ಟೀಮೂ ಮೇಷ್ಟ್ರ ಕೈಗೆ ಬಂದಿತ್ತು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಇರಾನ್ ವಿರುದ್ಧ 1-0 ಗೆಲುವು, ಚಿನ್ನ. ಆ ಟೀಮಿನಲ್ಲಿ ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು.

ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಮಾನ ಹೋಯಿತು. ನಮ್ಮವರಲ್ಲಿ ಬಹಳ ಮಂದಿ ಬರಿಗಾಲಲ್ಲಿ ಆಡಿದರು, ಯುಗೋಸ್ಲಾವಿಯಾ 10 ಗೋಲು ಹೊಡೆಯಿತು. ನಮ್ಮದು ಒಂದೇ, ಅದನ್ನ ಹೊಡೆದದ್ದೂ ಅಹ್ಮದ್ ಖಾನರೇ. ಆಮೇಲೆ ಬೂಟು ಕಡ್ಡಾಯವಾಯಿತು. ರಹೀಂ ಪೆಟ್ಟು ತಿಂದು ಸುಮ್ಮನಾಗಲಿಲ್ಲ. ನಾಲ್ಕೇ ವರ್ಷದಲ್ಲಿ, 1956ರ ಮೆಲ್ಬರ್ನ್‌ನಲ್ಲಿ, ಆಸ್ಟ್ರೇಲಿಯಾವನ್ನ ಅದರ ನೆಲದಲ್ಲೇ 4-2ರಿಂದ ಬಗ್ಗುಬಡಿದು ನಾಲ್ಕನೇ ಸ್ಥಾನ ತಂದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ನಾವು ಅದಕ್ಕಿಂತ ಮೇಲೆ ಹೋದದ್ದಿಲ್ಲ. ಆ ಸಲ ಟೀಮಿನಲ್ಲಿದ್ದ ಕೆಂಪಯ್ಯ ನಮ್ಮ ರಾಜ್ಯದವರು.

ಇನ್ನು ಜಕಾರ್ತ. 1962ರ ಏಷ್ಯನ್ ಗೇಮ್ಸ್. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 0-2 ಸೋಲು. ಥಾಯ್ಲೆಂಡ್ ಮೇಲೆ ಗೆದ್ದರೂ ಡಿಫೆಂಡರ್ ಜರ್ನೈಲ್ ಸಿಂಗರ ತಲೆ ಒಡೆದು ಹೊಲಿಗೆ ಬಿತ್ತು. ಸಾಲದ್ದಕ್ಕೆ ಇಸ್ರೇಲ್, ತೈವಾನ್ ಆಟಗಾರರನ್ನ ಬಿಟ್ಟದ್ದಕ್ಕೆ ನಮ್ಮ ಸೋಂಧಿ ತಕರಾರು ಎತ್ತಿದ್ದರಿಂದ ಅಲ್ಲಿನ ಜನಕ್ಕೆ ಭಾರತದವರನ್ನ ಕಂಡರೆ ಕೆಂಡದಂಥ ಕೋಪ. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಲಕ್ಷ ಜನ ನಮ್ಮವರನ್ನ ಗೇಲಿ ಮಾಡಿ ಕೂಗಾಡಿದರು. ಎದುರಿಗೆ ಮತ್ತೆ ಅದೇ ಕೊರಿಯಾ.

ಬೇರೆಯವರಾಗಿದ್ದರೆ ಗಾಯಾಳುವನ್ನ ಬೆಂಚಿನಲ್ಲಿ ಕೂರಿಸುತ್ತಿದ್ದರು. ರಹೀಂ ಜರ್ನೈಲರನ್ನ ಹಿಂದಿನ ಸಾಲಿನಿಂದ ತೆಗೆದು ಮುಂದಕ್ಕೆ ಹಾಕಿದರು, ಗೋಲು ಹೊಡೆಯೋ ಜಾಗಕ್ಕೆ! ಸೆಮಿಫೈನಲ್‌ನಲ್ಲೂ ಹೊಡೆದರು, ಫೈನಲ್‌ನಲ್ಲೂ ಹೊಡೆದರು. ಇನ್ನೊಂದು ಪಿ.ಕೆ. ಬ್ಯಾನರ್ಜಿಯದು. 2-1, ಚಿನ್ನ. ಏಷ್ಯನ್ ಗೇಮ್ಸ್ ಫುಟ್‌ಬಾಲಿನಲ್ಲಿ ಆಮೇಲೆ ನಮಗೆ ಚಿನ್ನ ಬಂದಿಲ್ಲ.

ಜಕಾರ್ತದಿಂದ ಬಂದ ಒಂಬತ್ತು ತಿಂಗಳಿಗೆ, 1963ರ ಜೂನ್ 11ರಂದು, ಕ್ಯಾನ್ಸರ್ ಅವರನ್ನ ಕೊಂಡೊಯ್ದಿತು. ವಯಸ್ಸು 53. ಕೋಚುಗಳಿಗಂತ ಸರ್ಕಾರ ದ್ರೋಣಾಚಾರ್ಯ ಪ್ರಶಸ್ತಿ ಶುರು ಮಾಡಿದ್ದು 1985ರಲ್ಲಿ, 22 ವರ್ಷ ತಡವಾಗಿ. ಹಿಂದಿಯಲ್ಲಿ ಅವರ ಮೇಲೆ ಸಿನಿಮಾ ಬಂದದ್ದು 2024ರಲ್ಲಿ. ಹೈದರಾಬಾದಿನಾಚೆ ಹೆಚ್ಚಿನವರಿಗೆ ಅವರ ಹೆಸರು ತಿಳಿದದ್ದೇ ಆಗ.

ಮಗ ಎಸ್.ಎಸ್. ಹಕೀಂ ಕೂಡ ಅಪ್ಪನ ದಾರಿ ಹಿಡಿದವರೇ. 1960ರ ರೋಮ್ ಒಲಿಂಪಿಕ್ಸ್ ಟೀಮಿನಲ್ಲಿ ಇದ್ದರು, ಅಂತರರಾಷ್ಟ್ರೀಯ ರೆಫ್ರಿಯಾದರು, ಕೋಚೂ ಆದರು. ಅವರು ತೀರಿಕೊಂಡದ್ದು 2021ರ ಆಗಸ್ಟಿನಲ್ಲಿ, ನಮ್ಮ ಕಲಬುರಗಿಯ ಆಸ್ಪತ್ರೆಯಲ್ಲಿ.