ಝೋರಾ ಆರ್ಕಸ್-ಡಂಟೋವ್

ಝೋರಾ ಆರ್ಕಸ್-ಡಂಟೋವ್ (ಡಿಸೆಂಬರ್ ೨೫, ೧೯೦೯ – ಏಪ್ರಿಲ್ ೨೧, ೧೯೯೬) ಅಮೆರಿಕದ ಪ್ರಸಿದ್ಧ ಮೋಟಾರು ವಾಹನ ಎಂಜಿನಿಯರ್ ಮತ್ತು ರೇಸ್ ಚಾಲಕರು. ಜನರಲ್ ಮೋಟಾರ್ಸ್ ಸಂಸ್ಥೆಯ ಶೆವರ್ಲೆ ವಿಭಾಗದಲ್ಲಿ ೧೯೫೩ರಿಂದ ೧೯೭೫ರವರೆಗೆ ಸೇವೆ ಸಲ್ಲಿಸಿ, ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರಿಗೆ ಜಗತ್ತಿನ ವೇಗದ ಕಾರುಗಳ ಸಾಲಿನಲ್ಲಿ ಸ್ಥಾನ ದೊರಕಿಸಿಕೊಟ್ಟರು. ಈ ಕಾರಣದಿಂದ ಇವರನ್ನು ಕಾರ್ವೆಟ್‌ನ ಪಿತಾಮಹರೆಂದು ಕರೆಯುವ ರೂಢಿಯಿದೆ. ಆದರೆ ಆ ಕಾರನ್ನು ಮೊದಲು ಕಲ್ಪಿಸಿದವರು ಇವರಲ್ಲ, ಜನರಲ್ ಮೋಟಾರ್ಸ್‌ನ ವಿನ್ಯಾಸ ವಿಭಾಗದ ಮುಖ್ಯಸ್ಥ ಹಾರ್ಲಿ ಅರ್ಲ್.

ಕಾರ್ವೆಟ್‌ನ ಎಂಜಿನ್ನನ್ನು ಮುಂಭಾಗದಿಂದ ತೆಗೆದು ಚಾಲಕನ ಬೆನ್ನ ಹಿಂದೆ ಇರಿಸಬೇಕೆಂಬುದು ಡಂಟೋವ್ ಅವರ ವೃತ್ತಿಜೀವನದ ದೊಡ್ಡ ಆಸೆಯಾಗಿತ್ತು. ಅದಕ್ಕಾಗಿ ಅವರು ಹಲವು ಪ್ರಾಯೋಗಿಕ ಕಾರುಗಳನ್ನು ನಿರ್ಮಿಸಿದರು. ಸಂಸ್ಥೆ ಅವರ ಸೇವಾವಧಿಯಲ್ಲಿ ಅದನ್ನು ಒಪ್ಪಲಿಲ್ಲ. ಅವರು ತೀರಿಕೊಂಡು ೨೩ ವರ್ಷಗಳಾದ ಮೇಲೆ, ೨೦೧೯ರಲ್ಲಿ, ಅಂಥ ಕಾರ್ವೆಟ್ ಬೆಳಕಿಗೆ ಬಂದಿತು.

ಜನನ ಮತ್ತು ವಿದ್ಯಾಭ್ಯಾಸ

ಡಂಟೋವ್ ಅವರು ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ರಷ್ಯಾ ಮೂಲದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಗಣಿ ಎಂಜಿನಿಯರ್. ತಾಯಿ ಆಗ ವೈದ್ಯಕೀಯ ವಿದ್ಯಾರ್ಥಿನಿ. ಕುಟುಂಬ ರಷ್ಯಾಕ್ಕೆ ಮರಳಿದ್ದರಿಂದ ಬಾಲ್ಯವು ಇಂದಿನ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕಳೆಯಿತು. ಮುಂದೆ ತಂದೆ ತಾಯಿಯರು ಬೇರೆಯಾದರು. ತಾಯಿ ಜೋಸೆಫ್ ಡಂಟೋವ್ ಎಂಬ ಎಂಜಿನಿಯರರ ಕೈಹಿಡಿದರು. ಝೋರಾ ಮತ್ತು ತಮ್ಮ ಯೂರಾ ಹೆತ್ತ ತಂದೆಯ ಹೆಸರನ್ನು ಬಿಡದೆ, ಸಾಕಿದ ತಂದೆಯ ಹೆಸರನ್ನೂ ಸೇರಿಸಿಕೊಂಡು ಆರ್ಕಸ್-ಡಂಟೋವ್ ಎಂದಾದರು.

೧೯೨೭ರಲ್ಲಿ ಕುಟುಂಬ ಜರ್ಮನಿಯ ಬರ್ಲಿನ್‌ಗೆ ಹೋಗಿ ನೆಲೆಸಿತು. ಹುಡುಗನಾಗಿದ್ದಾಗ ಟ್ರಾಮ್ ಚಾಲಕನಾಗಬೇಕೆಂದು ಬಯಸಿದ್ದ ಝೋರಾ, ಬರ್ಲಿನ್‌ನಲ್ಲಿ ಮೋಟಾರ್ ಸೈಕಲ್ ಮತ್ತು ರೇಸ್ ಕಾರುಗಳ ಕಡೆಗೆ ಒಲಿದರು. ೧೯೩೪ರಲ್ಲಿ ಬರ್ಲಿನ್‌ನ ಷಾರ್ಲಟನ್‌ಬುರ್ಗ್ ತಾಂತ್ರಿಕ ವಿದ್ಯಾಲಯದಿಂದ ಪದವಿ ಪಡೆದು, ಮೋಟಾರು ಪತ್ರಿಕೆಗಳಿಗೆ ತಾಂತ್ರಿಕ ಲೇಖನಗಳನ್ನು ಬರೆಯಲಾರಂಭಿಸಿದರು.

ಯುದ್ಧ ಮತ್ತು ವಲಸೆ

೧೯೩೯ರಲ್ಲಿ ಡಂಟೋವ್ ಅವರು ಜರ್ಮನಿಯ ನೃತ್ಯಗಾರ್ತಿ ಎಲ್ಫಿ ವುಲ್ಫ್ ಅವರನ್ನು ಫ್ರಾನ್ಸ್‌ನಲ್ಲಿ ವಿವಾಹವಾದರು. ಅದೇ ವರ್ಷ ಎರಡನೆಯ ಮಹಾಯುದ್ಧ ಆರಂಭವಾಯಿತು. ಅಣ್ಣ ತಮ್ಮಂದಿರಿಬ್ಬರೂ ಫ್ರಾನ್ಸ್‌ನ ವಾಯುಪಡೆಗೆ ಸೇರಿದರು. ೧೯೪೦ರಲ್ಲಿ ಫ್ರಾನ್ಸ್ ಶರಣಾದಾಗ ಯಹೂದಿ ಕುಟುಂಬಕ್ಕೆ ಅಲ್ಲಿ ಉಳಿಗಾಲವಿರಲಿಲ್ಲ. ಎಲ್ಫಿ ಅವರು ನಾಜಿ ಸೈನ್ಯ ಹತ್ತಿರವಾಗುತ್ತಿದ್ದಂತೆ ತಮ್ಮ ಪುಟ್ಟ ಎಂ.ಜಿ. ಕಾರಿನಲ್ಲಿ ಪ್ಯಾರಿಸ್ ಬಿಟ್ಟು ದಕ್ಷಿಣಕ್ಕೆ ಬಂದು ಪತಿಯನ್ನು ಕೂಡಿಕೊಂಡರು. ಸ್ಪೇನ್ ಮಾರ್ಗವಾಗಿ ಪೋರ್ಚುಗಲ್ ತಲುಪಿದ ಕುಟುಂಬ, ಅಲ್ಲಿಂದ ಹಡಗಿನಲ್ಲಿ ನ್ಯೂಯಾರ್ಕ್ ಸೇರಿತು.

ನ್ಯೂಯಾರ್ಕ್‌ನಲ್ಲಿ ಸಹೋದರರು ತಮ್ಮ ಹೆಸರಿನ ಅಕ್ಷರಗಳನ್ನೇ ಕೂಡಿಸಿ ಆರ್ಡನ್ ಎಂಬ ಕಾರ್ಖಾನೆ ತೆರೆದು, ಯುದ್ಧಕಾಲದಲ್ಲಿ ಮದ್ದುಗುಂಡುಗಳ ಬಿಡಿಭಾಗಗಳನ್ನು ತಯಾರಿಸಿದರು. ಯುದ್ಧ ಮುಗಿದ ಮೇಲೆ ಫೋರ್ಡ್ ವಿ-೮ ಎಂಜಿನ್ನಿನ ಶಕ್ತಿ ಹೆಚ್ಚಿಸುವ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಒಂದನ್ನು ರೂಪಿಸಿದರು. ಆರ್ಡನ್ ಹೆಡ್ ಎಂದೇ ಹೆಸರಾದ ಈ ಭಾಗವು ರೇಸ್ ಪ್ರಿಯರಿಗೆ ಅಚ್ಚುಮೆಚ್ಚಾಯಿತು. ಆದರೆ ಕಾರ್ಖಾನೆ ಬಹುಕಾಲ ನಡೆಯಲಿಲ್ಲ. ಡಂಟೋವ್ ಇಂಗ್ಲೆಂಡಿಗೆ ಹೋಗಿ ಅಲ್ಲಾರ್ಡ್ ಎಂಬ ಕಾರು ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ೧೯೫೨ ಮತ್ತು ೧೯೫೩ರಲ್ಲಿ ಅದೇ ಕಂಪನಿಯ ಕಾರನ್ನು ಫ್ರಾನ್ಸ್‌ನ ಲ ಮಾನ್ ೨೪ ಗಂಟೆಗಳ ಸ್ಪರ್ಧೆಯಲ್ಲಿ ಓಡಿಸಿದರು.

ಶೆವರ್ಲೆಗೆ ಸೇರ್ಪಡೆ

೧೯೫೩ರ ಆರಂಭದಲ್ಲಿ ನ್ಯೂಯಾರ್ಕ್‌ನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ಜನರಲ್ ಮೋಟಾರ್ಸ್ ನಡೆಸಿದ ಪ್ರದರ್ಶನದಲ್ಲಿ ಡಂಟೋವ್ ಮೊದಲ ಬಾರಿಗೆ ಕಾರ್ವೆಟ್ ಕಂಡರು. ಅದರ ರೂಪಕ್ಕೆ ಮನಸೋತರು. ಒಳಗಿನ ಯಂತ್ರ ಮಾತ್ರ ಆ ರೂಪಕ್ಕೆ ತಕ್ಕದ್ದಲ್ಲವೆಂದು ಅವರಿಗೆ ತೋರಿತು. ಆರು ಸಿಲಿಂಡರಿನ ಸಾಧಾರಣ ಎಂಜಿನ್ ಮತ್ತು ಎರಡು ಗೇರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಅದರಲ್ಲಿದ್ದವು. ಶೆವರ್ಲೆಯ ಮುಖ್ಯ ಎಂಜಿನಿಯರ್ ಎಡ್ ಕೋಲ್ ಅವರಿಗೆ ಪತ್ರ ಬರೆದು, ಅದೇ ವರ್ಷದ ಮೇ ತಿಂಗಳಲ್ಲಿ ಅಲ್ಲಿ ಸಹಾಯಕ ಎಂಜಿನಿಯರ್ ಆಗಿ ನೇಮಕಗೊಂಡರು.

ಆಗ ಕಾರ್ವೆಟ್‌ನ ಸ್ಥಿತಿ ಚೆನ್ನಾಗಿರಲಿಲ್ಲ. ಮೊದಲ ವರ್ಷ ೩೦೦ ಕಾರುಗಳಷ್ಟೇ ತಯಾರಾದವು. ೧೯೫೫ರಲ್ಲಿ ತಯಾರಾದದ್ದು ೭೦೦ ಮಾತ್ರ. ಅದನ್ನು ನಿಲ್ಲಿಸಿಬಿಡುವ ಮಾತೂ ಸಂಸ್ಥೆಯಲ್ಲಿ ನಡೆದಿತ್ತು. ವೇಗದ ಕಾರುಗಳನ್ನು ಪ್ರೀತಿಸುವ ಯುವಜನರನ್ನು ಶೆವರ್ಲೆ ತನ್ನ ಕಡೆಗೆ ಸೆಳೆಯಬೇಕೆಂದು ಡಂಟೋವ್ ೧೯೫೩ರ ಕೊನೆಯಲ್ಲಿ ಮೇಲಧಿಕಾರಿಗಳಿಗೆ ಟಿಪ್ಪಣಿಯೊಂದನ್ನು ಸಲ್ಲಿಸಿದರು. ೧೯೫೫ರಲ್ಲಿ ಕಾರ್ವೆಟ್‌ಗೆ ವಿ-೮ ಎಂಜಿನ್ ಬಂದಿತು. ೧೯೫೬ರಲ್ಲಿ ಡಂಟೋವ್ ತಾವೇ ರೂಪಿಸಿದ ಕ್ಯಾಮ್‌ಶಾಫ್ಟ್ ಅಳವಡಿಸಿದ ಕಾರ್ವೆಟ್ ಅನ್ನು ಫ್ಲಾರಿಡಾದ ಡೇಟೋನಾ ಕಡಲತೀರದಲ್ಲಿ ಗಂಟೆಗೆ ೧೫೦ ಮೈಲಿಗೂ ಮಿಕ್ಕ ವೇಗದಲ್ಲಿ ಓಡಿಸಿದರು. ೧೯೫೭ರಲ್ಲಿ ಇಂಧನ ಇಂಜೆಕ್ಷನ್ ವ್ಯವಸ್ಥೆಯೂ ಸೇರಿತು. ಕಾರು ಉಳಿಯಿತು.

ಮಧ್ಯ-ಎಂಜಿನ್ ವಿನ್ಯಾಸದ ಪರಿಚಯ

ಶೆವರ್ಲೆಯಲ್ಲಿದ್ದಾಗಲೇ ಡಂಟೋವ್ ೧೯೫೪ ಮತ್ತು ೧೯೫೫ರಲ್ಲಿ ಲ ಮಾನ್ ಸ್ಪರ್ಧೆಯಲ್ಲಿ ಪೋರ್ಷೆ ೫೫೦ ಕಾರನ್ನು ಓಡಿಸಿ, ಎರಡು ಬಾರಿಯೂ ೧೧೦೦ ಸಿಸಿ ವರ್ಗದಲ್ಲಿ ಗೆದ್ದರು. ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರನ್ನು ಬಲಿ ತೆಗೆದುಕೊಂಡ ಭೀಕರ ಅಪಘಾತ ನಡೆದದ್ದು ೧೯೫೫ರ ಸ್ಪರ್ಧೆಯಲ್ಲಿಯೇ. ಪೋರ್ಷೆ ೫೫೦ ಚಿಕ್ಕ ಕಾರು. ಅದರ ಎಂಜಿನ್ ಚಾಲಕನ ಹಿಂದೆ, ಹಿಂದಿನ ಆಕ್ಸಲ್‌ಗಿಂತ ಮುಂದೆ ಇತ್ತು.

ಎಂಜಿನ್ ಇರುವ ಸ್ಥಾನಕ್ಕೆ ಅನುಸಾರವಾಗಿ ಕಾರುಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಅಂಬಾಸಿಡರ್ ಕಾರಿನಂತೆ ಬಾನೆಟ್ಟಿನ ಕೆಳಗೆ ಎಂಜಿನ್ ಇದ್ದರೆ ಅದು ಮುಂಭಾಗದ ಎಂಜಿನ್. ಹಿಂದಿನ ಆಕ್ಸಲ್ಲಿನ ಆಚೆಗೆ ಇದ್ದರೆ ಹಿಂಭಾಗದ ಎಂಜಿನ್. ಎರಡು ಆಕ್ಸಲ್‌ಗಳ ನಡುವೆ ಇದ್ದರೆ ಮಧ್ಯ-ಎಂಜಿನ್. ಭಾರತದಲ್ಲಿ ಮನೆಮಾತಾಗಿದ್ದ ಮಾರುತಿ ಓಮ್ನಿ ವ್ಯಾನಿನ ಎಂಜಿನ್ ಮುಂದಿನ ಸೀಟಿನ ಕೆಳಗೆ, ಅಂದರೆ ಎರಡು ಆಕ್ಸಲ್‌ಗಳ ನಡುವೆಯೇ ಇತ್ತು. ಅಲ್ಲಿನ ಉದ್ದೇಶ ಸ್ಥಳದ ಉಳಿತಾಯ. ಸ್ಪೋರ್ಟ್ಸ್ ಕಾರಿನಲ್ಲಿ ಉದ್ದೇಶ ಬೇರೆ. ಅಲ್ಲಿ ಎಂಜಿನ್ ಚಾಲಕನ ಬೆನ್ನ ಹಿಂದೆ ಇರುತ್ತದೆ.

ಹೆಗಲ ಮೇಲೆ ಕಾವಡಿ ಹೊತ್ತವನು ತಟ್ಟನೆ ತಿರುಗಲಾರ. ಅಷ್ಟೇ ಭಾರವನ್ನು ತಲೆಯ ಮೇಲೆ ಹೊತ್ತವನು ಸುಲಭವಾಗಿ ತಿರುಗಬಲ್ಲ. ಭಾರವು ನಡುವಿನಿಂದ ದೂರವಿದ್ದಷ್ಟೂ ತಿರುಗುವುದು ನಿಧಾನ. ಕಾರಿಗೂ ಇದೇ ನಿಯಮ. ಭಾರವಾದ ಎಂಜಿನ್ ಕಾರಿನ ನಡುಭಾಗದ ಸಮೀಪವಿದ್ದರೆ ತಿರುವಿನಲ್ಲಿ ಕಾರು ಸ್ಟಿಯರಿಂಗಿಗೆ ಬೇಗ ಸ್ಪಂದಿಸುತ್ತದೆ. ಹಿಂದಿನ ಚಕ್ರಗಳ ಮೇಲೆ ಹೆಚ್ಚು ಭಾರ ಬೀಳುವುದರಿಂದ ಅವುಗಳಿಗೆ ನೆಲದ ಹಿಡಿತ ಹೆಚ್ಚುತ್ತದೆ. ಮುಂಭಾಗ ತಗ್ಗಾಗಿ ಚಾಲಕನಿಗೆ ರಸ್ತೆ ಚೆನ್ನಾಗಿ ಕಾಣುತ್ತದೆ. ಕಾರ್ವೆಟ್‌ನ ಶಕ್ತಿ ವರ್ಷದಿಂದ ವರ್ಷಕ್ಕೆ ಏರುತ್ತಿದ್ದಾಗ, ಆ ಶಕ್ತಿಯನ್ನು ನೆಲಕ್ಕೆ ಮುಟ್ಟಿಸಲು ಇದೇ ಸರಿಯಾದ ದಾರಿಯೆಂದು ಡಂಟೋವ್ ನಂಬಿದರು.

ಈ ನಂಬಿಕೆಗೆ ರೇಸ್ ಮೈದಾನದಲ್ಲಿ ಪುರಾವೆಯೂ ದೊರೆಯಿತು. ಫರ್ಡಿನಾಂಡ್ ಪೋರ್ಷೆ ರೂಪಿಸಿದ ಆಟೋ ಯೂನಿಯನ್ ಕಾರುಗಳು ೧೯೩೦ರ ದಶಕದಲ್ಲಿಯೇ ಈ ವಿನ್ಯಾಸವನ್ನು ಬಳಸಿದ್ದವು. ಇಂಗ್ಲೆಂಡಿನ ಕೂಪರ್ ಕಂಪನಿಯ ಕಾರಿನಲ್ಲಿ ಜಾಕ್ ಬ್ರಾಭಮ್ ೧೯೫೯ ಮತ್ತು ೧೯೬೦ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದರು. ಅಲ್ಲಿಂದ ಮುಂದೆ ಆ ಕ್ರೀಡೆಯಲ್ಲಿ ಮುಂಭಾಗದ ಎಂಜಿನ್ ಮರೆಯಾಯಿತು.

ಪ್ರಾಯೋಗಿಕ ಕಾರುಗಳು

೧೯೫೭ರಲ್ಲಿ ಅಮೆರಿಕದ ಕಾರು ತಯಾರಕರ ಸಂಘವು ರೇಸಿಂಗ್‌ನಿಂದ ದೂರವಿರಲು ನಿರ್ಣಯಿಸಿತು. ಆದುದರಿಂದ ಡಂಟೋವ್ ತಮ್ಮ ಹೊಸ ಕಾರನ್ನು ರೇಸ್ ಕಾರೆಂದು ಕರೆಯದೆ ಶೆವರ್ಲೆಯ ಸಂಶೋಧನಾ ವಾಹನವೆಂಬ ಅರ್ಥ ಬರುವಂತೆ ಸಿ.ಇ.ಆರ್.ವಿ. ಎಂದು ಹೆಸರಿಸಿದರು. ೧೯೬೦ರಲ್ಲಿ ಪ್ರದರ್ಶಿತವಾದ ಈ ಒಂದೇ ಸೀಟಿನ ಕಾರಿನಲ್ಲಿ ಎಂಜಿನ್ ಚಾಲಕನ ಹಿಂದಿತ್ತು. ೧೯೬೪ರಲ್ಲಿ ಸಿದ್ಧವಾದ ಎರಡನೆಯ ಸಿ.ಇ.ಆರ್.ವಿ. ಕಾರಿನಲ್ಲಿ ನಾಲ್ಕೂ ಚಕ್ರಗಳಿಗೆ ಎಂಜಿನ್ ಶಕ್ತಿ ಹರಿಯುವ ವ್ಯವಸ್ಥೆ ಇತ್ತು.

ಮುಂದಿನದು ಎಕ್ಸ್‌ಪಿ-೮೮೨. ರಸ್ತೆಗೆ ಇಳಿಸಬಹುದಾದ ಮಧ್ಯ-ಎಂಜಿನ್ ಕಾರ್ವೆಟ್ ಹೇಗಿರಬೇಕೆಂಬುದಕ್ಕೆ ಡಂಟೋವ್ ತಂಡದ ಉತ್ತರ ಇದಾಗಿತ್ತು. ವಿ-೮ ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ, ಸಂಸ್ಥೆಯಲ್ಲಿ ಆಗಲೇ ತಯಾರಾಗುತ್ತಿದ್ದ ಭಾಗಗಳನ್ನು ಬಳಸಿ ಖರ್ಚು ತಗ್ಗಿಸಲು ಯತ್ನಿಸಲಾಗಿತ್ತು. ೧೯೬೯ರಲ್ಲಿ ಶೆವರ್ಲೆಯ ಮುಖ್ಯಸ್ಥರಾಗಿ ಬಂದ ಜಾನ್ ಡಿಲೋರಿಯನ್ ಇದನ್ನು ನಿಲ್ಲಿಸಿದರು. ಪ್ರತಿಸ್ಪರ್ಧಿಗಳು ಇಂಥ ಕಾರುಗಳನ್ನು ತರುವ ಸುದ್ದಿ ಬಂದಾಗ ಅದೇ ಕಾರು ೧೯೭೦ರ ನ್ಯೂಯಾರ್ಕ್ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ೧೯೭೩ರಲ್ಲಿ ಅದೇ ಚಾಸಿಸ್ ಮೇಲೆ ನಾಲ್ಕು ರೋಟರಿನ ವ್ಯಾಂಕೆಲ್ ಎಂಜಿನ್ ಹೊತ್ತ ಕಾರು ಸಿದ್ಧವಾಯಿತು. ಅದೇ ವರ್ಷ ತೈಲ ಬಿಕ್ಕಟ್ಟು ತಲೆದೋರಿತು. ಹೆಚ್ಚು ಪೆಟ್ರೋಲ್ ಬೇಡುವ ಆ ಎಂಜಿನ್ನನ್ನು ಸಂಸ್ಥೆ ಕೈಬಿಟ್ಟಿತು.

ನಿರಾಕರಣೆಗೆ ಕಾರಣಗಳು

ಸಂಸ್ಥೆಯ ನಿರಾಕರಣೆಯನ್ನು ಬರಿಯ ಹಠವೆನ್ನಲಾಗದು. ಮಧ್ಯ-ಎಂಜಿನ್ ಕಾರಿಗೆ ಹೊಸ ಚಾಸಿಸ್ ಮತ್ತು ಹೊಸ ಗೇರ್‌ಬಾಕ್ಸ್ ಬೇಕು. ಇತರ ಶೆವರ್ಲೆ ಕಾರುಗಳ ಭಾಗಗಳನ್ನು ಹಂಚಿಕೊಳ್ಳುವುದು ಕಷ್ಟ. ಬೆಲೆ ಏರಿದರೆ ಗ್ರಾಹಕರು ಕಡಿಮೆಯಾಗುತ್ತಾರೆ. ಎಂಜಿನ್ನಿನ ಸದ್ದು ಮತ್ತು ಬಿಸಿ ಚಾಲಕನ ಬೆನ್ನಿಗೇ ತಾಗುತ್ತವೆ. ಸಾಮಾನು ಇಡುವ ಜಾಗ ಕಿರಿದಾಗುತ್ತದೆ. ದುರಸ್ತಿಗೆ ಎಂಜಿನ್ ಸುಲಭವಾಗಿ ಕೈಗೆ ಸಿಗುವುದಿಲ್ಲ. ಹಿಡಿತದ ಮಿತಿ ಮೀರಿದಾಗ ಇಂಥ ಕಾರು ಬೇಗನೆ ಗಿರಕಿ ಹೊಡೆಯುವುದರಿಂದ ನುರಿತ ಚಾಲಕ ಬೇಕು.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಕಾರ್ವೆಟ್‌ನ ಯಶಸ್ಸೇ ಆಗಿತ್ತು. ಅದನ್ನು ತಂದುಕೊಟ್ಟವರಲ್ಲಿ ಡಂಟೋವ್ ಪ್ರಮುಖರು. ೧೯೬೩ರ ಸ್ಟಿಂಗ್ ರೇ ಮಾದರಿಗೆ ಅವರು ಹಿಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ನೀಡಿದರು ಮತ್ತು ಎಂಜಿನ್ನನ್ನು ಆದಷ್ಟು ಹಿಂದಕ್ಕೆ ಸರಿಸಿ ಭಾರ ಹೊಂದಿಸಿದರು. ೧೯೬೫ರಲ್ಲಿ ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂದವು. ೧೯೬೩ರಲ್ಲಿ ೨೧,೫೧೩ ಕಾರುಗಳು ತಯಾರಾದವು. ೧೯೭೬ರ ಹೊತ್ತಿಗೆ ಆ ಸಂಖ್ಯೆ ೪೬,೫೫೮ಕ್ಕೆ ಏರಿತು. ಮುಂಭಾಗದ ಎಂಜಿನ್ನಿನ ಕಾರನ್ನು ಡಂಟೋವ್ ಉತ್ತಮಗೊಳಿಸಿದಷ್ಟೂ ಅದನ್ನು ಬದಲಿಸುವ ಅಗತ್ಯ ಆಡಳಿತದವರಿಗೆ ಕಾಣದಾಯಿತು. ತಮ್ಮ ಕೈಚಳಕವೇ ತಮ್ಮ ವಾದಕ್ಕೆ ಎದುರಾಗಿ ನಿಂತದ್ದು ಅವರ ಬಾಳಿನ ವೈಚಿತ್ರ್ಯ.

ಕಾರ್ವೆಟ್ ಅಭಿಮಾನಿಗಳೂ ಈ ವಿಷಯದಲ್ಲಿ ದಶಕಗಳ ಕಾಲ ಎರಡು ಪಾಳಯವಾಗಿದ್ದರು. ಉದ್ದನೆಯ ಬಾನೆಟ್, ಹಿಂದಕ್ಕೆ ಸರಿದ ಸೀಟು, ಕೈಗೆಟುಕುವ ಬೆಲೆ ಇವೇ ಕಾರ್ವೆಟ್‌ನ ಲಕ್ಷಣಗಳೆಂದು ಒಂದು ಪಾಳಯ ಹೇಳುತ್ತಿತ್ತು. ೧೯೬೬ರಲ್ಲಿ ಇಟಲಿಯ ಲ್ಯಾಂಬೋರ್ಗಿನಿ ಮಿಯುರಾ ಬಂದ ಮೇಲೆ, ಯುರೋಪಿನ ಕಾರುಗಳಿಗೆ ಸಮನಾಗಬೇಕಾದರೆ ಎಂಜಿನ್ ಹಿಂದಕ್ಕೆ ಹೋಗಲೇಬೇಕೆಂಬುದು ಇನ್ನೊಂದು ಪಾಳಯದ ನಿಲುವಾಯಿತು.

ನಿವೃತ್ತಿ ಮತ್ತು ನಿಧನ

ಡಂಟೋವ್ ೧೯೭೫ರಲ್ಲಿ ನಿವೃತ್ತರಾದರು. ಅವರ ಸ್ಥಾನಕ್ಕೆ ಬಂದ ಡೇವ್ ಮೆಕ್‌ಲೆಲನ್ ಮುಂಭಾಗದ ಎಂಜಿನ್ನೇ ಸಾಕೆಂಬ ನಿಲುವಿನವರು. ಎಕ್ಸ್‌ಪಿ-೮೮೨ರಿಂದ ಬೆಳೆದ ಏರೋವೆಟ್ ಎಂಬ ಕಾರಿಗೆ ೧೯೮೦ರಲ್ಲಿ ತಯಾರಿಕೆ ಆರಂಭಿಸಲು ಒಪ್ಪಿಗೆ ದೊರೆತಿತ್ತಾದರೂ ಅದೂ ರದ್ದಾಯಿತು.

ನಿವೃತ್ತಿಯ ನಂತರವೂ ಡಂಟೋವ್ ಅಭಿಮಾನಿಗಳ ಸಮಾರಂಭಗಳಲ್ಲಿ ಪಾಲ್ಗೊಳ್ಳುತ್ತಿದ್ದರು. ೧೯೯೬ರ ಏಪ್ರಿಲ್ ೨೧ರಂದು, ೮೬ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಚಿತಾಭಸ್ಮವನ್ನು ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್ ಪಟ್ಟಣದ ರಾಷ್ಟ್ರೀಯ ಕಾರ್ವೆಟ್ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಕಾರ್ವೆಟ್ ತಯಾರಾಗುವ ಕಾರ್ಖಾನೆಯೂ ಇದೇ ಪಟ್ಟಣದಲ್ಲಿದೆ.

ಮರಣಾನಂತರ

ಮುಂಭಾಗದ ಎಂಜಿನ್ ಇಟ್ಟುಕೊಂಡೇ ಸಮತೋಲ ಸಾಧಿಸುವ ಯತ್ನಗಳು ಮುಂದುವರಿದವು. ೧೯೯೭ರ ಮಾದರಿಯಲ್ಲಿ ಗೇರ್‌ಬಾಕ್ಸನ್ನು ಹಿಂದಿನ ಆಕ್ಸಲ್ ಬಳಿಗೆ ಒಯ್ಯಲಾಯಿತು. ಆ ನಂತರವೂ ಎಂಜಿನ್ನಿನ ಶಕ್ತಿ ಏರುತ್ತ ಹೋಗಿ, ಹಿಂದಿನ ಚಕ್ರಗಳ ಹಿಡಿತದ ಹಳೆಯ ಪ್ರಶ್ನೆ ಮತ್ತೆ ಎದುರಾಯಿತು. ಕಡೆಗೆ ೨೦೧೯ರ ಜುಲೈ ೧೮ರಂದು ಎಂಟನೆಯ ಪೀಳಿಗೆಯ ಕಾರ್ವೆಟ್ ಅನಾವರಣಗೊಂಡಿತು. ಅದರ ೬.೨ ಲೀಟರ್ ವಿ-೮ ಎಂಜಿನ್ ಚಾಲಕನ ಬೆನ್ನ ಹಿಂದೆ ಇತ್ತು. ಆರಂಭಿಕ ಬೆಲೆ ೬೦,೦೦೦ ಡಾಲರಿಗಿಂತ ಕಡಿಮೆಯಿದ್ದುದರಿಂದ, ಇಂಥ ಕಾರು ಸಾಮಾನ್ಯ ಗ್ರಾಹಕರಿಗೆ ದುಬಾರಿಯಾದೀತೆಂಬ ಹಳೆಯ ಆಕ್ಷೇಪಕ್ಕೂ ಬಹುಮಟ್ಟಿಗೆ ಉತ್ತರ ಸಿಕ್ಕಿತು. ಅದರ ತಯಾರಿಕೆ ೨೦೨೦ರಲ್ಲಿ ಆರಂಭವಾದದ್ದು ಬೌಲಿಂಗ್ ಗ್ರೀನ್‌ನಲ್ಲಿ, ಡಂಟೋವ್ ಅವರ ಚಿತಾಭಸ್ಮವಿರುವ ಊರಿನಲ್ಲಿ.